ಟ್ರೇಲರ್‌ನಲ್ಲಿ ತಿನ್ನುವ ಮುಂಚೆ ಒಲೆಯ ಅಕ್ಕಪಕ್ಕ ನೋಡಿ

ಪ್ರಶ್ನೆ: ನಮ್ಮ ಮನೆಯವರಿಗೆಲ್ಲ ರಸ್ತೆ ಬದಿ ನಿಲ್ಲುವ ಫುಡ್ ಟ್ರೇಲರ್‌ಗಳಲ್ಲಿ ತಿನ್ನುವುದೆಂದರೆ ಬಹಳ ಇಷ್ಟ. ಪ್ರಯಾಣ ಹೊರಟರಂತೂ ಅಲ್ಲೇ ಊಟ. ಕಳೆದ ತಿಂಗಳು ಹಾಗೆ ತಿಂದ ಮರುದಿನ ನನ್ನ ಗಂಡನಿಗೆ ವಾಂತಿ, ಭೇದಿ ಶುರುವಾಯಿತು. ಅದೇ ಗಾಡಿಯಲ್ಲಿ ತಿಂದ ನನಗೂ ಮಗನಿಗೂ ಏನೂ ಆಗಲಿಲ್ಲ. ಜನ ಜಾಸ್ತಿ ಇರುವ, ಅಡುಗೆಯವರು ಗ್ಲೌಸ್ ಹಾಕಿರುವ ಗಾಡಿಯನ್ನೇ ನಾನು ಯಾವಾಗಲೂ ಆರಿಸುತ್ತೇನೆ. ಇದು ಸರಿಯಾ? ಒಳ್ಳೆಯ ಟ್ರೇಲರನ್ನು ಹೊರಗೆ ನಿಂತೇ ಗುರುತಿಸುವುದು ಹೇಗೆ? ನಾನೀಗ ನಾಲ್ಕು ತಿಂಗಳ ಗರ್ಭಿಣಿ, ಮಗನಿಗೆ ನಾಲ್ಕು ವರ್ಷ. ಪೂರ್ತಿ ನಿಲ್ಲಿಸಿಬಿಡಬೇಕಾ?

ಉತ್ತರ: ಪೂರ್ತಿ ನಿಲ್ಲಿಸಬೇಕಿಲ್ಲ. ಆದರೆ ಹೆರಿಗೆ ಆಗುವವರೆಗೆ ನೀವು ಏನನ್ನು ಆರ್ಡರ್ ಮಾಡುತ್ತೀರಿ ಅನ್ನುವುದು ಬದಲಾಗಬೇಕು. ಗಾಡಿಯಲ್ಲಿ ಎಲ್ಲಿ ಕಣ್ಣು ಹಾಯಿಸುತ್ತೀರಿ ಅನ್ನುವುದೂ ಬದಲಾಗಬೇಕು. ಆಹಾರ ಸುರಕ್ಷತೆಯ ತಪಾಸಣೆ, ತರಬೇತಿ ಎರಡೂ ನನ್ನ ಕೆಲಸ. ಟ್ರೇಲರ್ ಮುಂದೆ ನಿಂತರೆ ನಾನು ಒಲೆಯನ್ನು ಕೊನೆಗೆ ನೋಡುತ್ತೇನೆ. ಚೆನ್ನಾಗಿ ಉರಿಯುವ ಒಲೆಯ ಮೇಲೆ ಈಗಷ್ಟೇ ಬೆಂದು ನೇರ ನಿಮ್ಮ ತಟ್ಟೆಗೆ ಬಂದ ಆಹಾರದಿಂದ ತೊಂದರೆ ಆಗುವುದು ಕಡಿಮೆ. ಒಲೆಯ ಪಕ್ಕದಲ್ಲಿ ಮುಂಚೆಯೇ ಮಾಡಿಟ್ಟ ಪಾತ್ರೆ, ಹೆಚ್ಚಿಟ್ಟ ತರಕಾರಿ, ಸಾಸ್ ಡಬ್ಬ, ಐಸ್ ಬಾಕ್ಸ್, ಕೈ ಒರೆಸುವ ಬಟ್ಟೆ ಇರುತ್ತವಲ್ಲ, ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಅವೇ.

ಮೊದಲು ನಿಮ್ಮ ಗಂಡನ ವಿಷಯ. ಮರುದಿನ ಶುರುವಾಯಿತು ಅಂದಿದ್ದೀರಿ. ಅದನ್ನೊಂದೇ ಇಟ್ಟುಕೊಂಡು ಆ ಗಾಡಿಯದೇ ತಪ್ಪು ಅನ್ನುವ ಹಾಗಿಲ್ಲ, ಅಲ್ಲ ಅನ್ನುವ ಹಾಗೂ ಇಲ್ಲ. ಒಂದೊಂದು ರೋಗಾಣುವಿಗೂ ತನ್ನದೇ ಸಮಯ ಇದೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಆಹಾರದಲ್ಲಿ ಬಿಟ್ಟ ವಿಷ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ತರಿಸುತ್ತದೆ. ದೊಡ್ಡ ಪಾತ್ರೆಯ ಮಾಂಸದ ಅಡುಗೆಯಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ಗೆ 6ರಿಂದ 24 ಗಂಟೆ ಬೇಕು. ನೊರೊವೈರಸ್‌ಗೆ 12ರಿಂದ 48 ಗಂಟೆ. ಸಾಲ್ಮೊನೆಲ್ಲಾ 6 ಗಂಟೆಗೂ ಬರಬಹುದು, 6 ದಿನ ಬಿಟ್ಟೂ ಬರಬಹುದು. ಹಾಗಾಗಿ ಕೊನೆಯ ಊಟದ ಮೇಲೆ ತಪ್ಪು ಹೊರಿಸುವ ಮುಂಚೆ ಹಿಂದಿನ ಎರಡು ಮೂರು ದಿನ ಏನೇನು ತಿಂದರು ಅಂತ ನೆನಪು ಮಾಡಿಕೊಳ್ಳಬೇಕು. ನಿಮಗಿಬ್ಬರಿಗೆ ಏನೂ ಆಗಲಿಲ್ಲ ಅನ್ನುವುದು ಒಳ್ಳೆಯ ಸುಳಿವು. ಮೂವರೂ ಒಂದೇ ತಿಂದಿರಾ? ಅವರ ತಟ್ಟೆಯಲ್ಲಿ ಮಾತ್ರ ಇದ್ದದ್ದು ಏನು? ಸಲಾಡಾ, ಬಿಳಿ ಸಾಸಾ, ಐಸ್ ಹಾಕಿದ ಪಾನೀಯವಾ? ಗಾಡಿಯಿಂದಲೇ ಬಂದಿದ್ದರೆ ಮೊದಲ ಅನುಮಾನ ಅದರ ಮೇಲೆ.

ಈಗ ಮುಖ್ಯ ವಿಷಯ, ಹೊತ್ತು ಮತ್ತು ಬಿಸಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುತೇಕ ಬ್ಯಾಕ್ಟೀರಿಯಾ ಬೆಳೆಯುವುದು ತೀರಾ ನಿಧಾನ. 60 ಡಿಗ್ರಿಯ ಮೇಲೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ನಡುವಿನ ಬಿಸಿಯಲ್ಲಿ, ಅನುಕೂಲ ಸಿಕ್ಕರೆ, ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಒಮ್ಮೆ ಎರಡರಷ್ಟಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಬೆಳಿಗ್ಗೆ ಹೆಚ್ಚಿಟ್ಟದ್ದನ್ನು ಸಂಜೆ ಬಡಿಸುವ ಗಾಡಿಗೆ 7 ಗಂಟೆ ದೊಡ್ಡ ಅವಧಿಯೇನಲ್ಲ. ಅಷ್ಟಾದರೂ ವಾಸನೆ ಬದಲಾಗದೆ ಇರಬಹುದು, ರುಚಿಯೂ ಹಾಗೇ ಇರಬಹುದು. ಮೂಸಿ ನೋಡಿ ಹಳಸಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಟ್ರೇಲರ್‌ನ ಅಡುಗೆಮನೆ ತೀರಾ ಚಿಕ್ಕದು. ಮುಕ್ಕಾಲು ಕೆಲಸ ಬೇರೆಲ್ಲೋ ಆಗಿರುತ್ತದೆ. ಅನ್ನ ಬೇಯಿಸುವುದು, ಮಾಂಸ ಬೇಯಿಸಿ ಬಿಡಿಸುವುದು, ಗ್ರೇವಿ ಕುದಿಸುವುದು, ತರಕಾರಿ ಹೆಚ್ಚುವುದು ಎಲ್ಲ ಹಿಂದಿನ ರಾತ್ರಿಯೋ ಅವತ್ತು ಬೆಳಿಗ್ಗೆಯೋ ಇನ್ನೊಂದು ಅಡುಗೆಮನೆಯಲ್ಲಿ ಮುಗಿದಿರುತ್ತದೆ. ಅಲ್ಲಿಂದ ಗಾಡಿಗೆ, ಗಾಡಿಯಿಂದ ರಸ್ತೆಗೆ. ಈ ದಾರಿಯಲ್ಲಿ ಅಡುಗೆ ಎಷ್ಟು ಹೊತ್ತು ಉಗುರುಬೆಚ್ಚಗೆ ಕೂತಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ದೊಡ್ಡ, ಆಳವಾದ ಪಾತ್ರೆಯನ್ನು ಹಾಗೇ ಆರಲು ಬಿಟ್ಟರೆ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದಕ್ಕೇ ಬೇಯಿಸಿದ್ದನ್ನು 57 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು 4 ಗಂಟೆಯೊಳಗೆ ಇಳಿಸಬೇಕು ಅಂತ ಅಮೆರಿಕದ ಮಾದರಿ ಆಹಾರ ಸಂಹಿತೆ ಹೇಳುತ್ತದೆ. ಕೆಲಸ ಗೊತ್ತಿರುವವರು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ ತಣಿಸುತ್ತಾರೆ.

ಅನ್ನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅನ್ನ ಅಂದರೆ ಯಾರಿಗೂ ಭಯ ಇಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುವಾಗ ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೊರಗೇ ಇಟ್ಟ ನಿನ್ನೆಯ ಅನ್ನವನ್ನು ಬಾಣಲೆಯಲ್ಲಿ ಎಷ್ಟು ಜೋರಾಗಿ ಹುರಿದರೂ ಅಷ್ಟೇ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಗಾಡಿಯಲ್ಲಿ ಅನ್ನ ಎಲ್ಲಿಂದ ತೆಗೆಯುತ್ತಾರೆ ಅಂತ ನೋಡಿ. ಹಬೆಯಾಡುವ ಪಾತ್ರೆಯಿಂದ ಬಂದರೆ ಸರಿ. ಫ್ರಿಜ್‌ನಿಂದ ತಣ್ಣಗೆ ತೆಗೆದು ಹುರಿದರೂ ಪರವಾಗಿಲ್ಲ, ಮಾಡಿದ ಮೇಲೆ ಬೇಗ ತಣಿಸಿ ಇಟ್ಟಿದ್ದರೆ. ಕೌಂಟರ್ ಕೆಳಗಿನ ಬಕೆಟ್‌ನಿಂದಲೋ ಮುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬದಿಂದಲೋ ಬಂದರೆ ಬೇರೆ ಏನಾದರೂ ತಗೊಳ್ಳಿ.

ಒಲೆ ತಾಗದೆ ತಟ್ಟೆಗೆ ಬರುವುದೆಲ್ಲ ಇನ್ನೊಂದು ಗುಂಪು. ಹೆಚ್ಚಿದ ಟೊಮೆಟೊ, ಈರುಳ್ಳಿ, ಸೊಪ್ಪು, ಮೊಳಕೆ ಕಾಳು, ಹಣ್ಣಿನ ಹೋಳು. ಇವುಗಳ ಮೇಲೆ ಕೈಯಿಂದಲೋ ನೀರಿನಿಂದಲೋ ಏನಾದರೂ ಬಂದು ಕೂತರೆ ಅದನ್ನು ಕೊಲ್ಲುವ ಹಂತವೇ ಮುಂದೆ ಇಲ್ಲ. ಇವು ಐಸ್ ಮೇಲೆ ಅಥವಾ ತಣ್ಣನೆಯ ತಟ್ಟೆಯಲ್ಲಿ, ಮುಚ್ಚಳದಡಿ ಇದ್ದು, ಚಿಮಟದಲ್ಲಿ ಎತ್ತಿ ಹಾಕುತ್ತಿದ್ದರೆ ದೊಡ್ಡವರು ತಿನ್ನಬಹುದು. ಬಿಸಿ ತವಾದ ಅಂಚಿಗೆ ತಾಗಿಕೊಂಡೇ ಹೆಚ್ಚಿದ ತರಕಾರಿಯ ಡಬ್ಬಗಳು ಸಾಲಾಗಿ ಇರುವುದನ್ನು ನೋಡಿರುತ್ತೀರಿ. ಕೈಗೆ ಸಿಗಲಿ ಅಂತ ಹಾಗೆ ಇಡುತ್ತಾರೆ. ತವಾದ ಕಾವಿಗೆ ಅವು ಇಡೀ ಸಂಜೆ ಬೆಚ್ಚಗೆ ಕೂತಿರುತ್ತವೆ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಅನುಕೂಲದ ಜಾಗ ಆ ಗಾಡಿಯಲ್ಲಿ ಇನ್ನೊಂದಿಲ್ಲ. ಅಂಥ ಕಡೆ ‘ಹಸಿ ತರಕಾರಿ ಹಾಕಬೇಡಿ’ ಅಂತ ಹೇಳಿಬಿಡಿ.

ಸಾಸ್‌ಗಳಲ್ಲಿ ಎಲ್ಲವೂ ಒಂದೇ ಅಲ್ಲ. ಕಾರ್ಖಾನೆಯ ಟೊಮೆಟೊ ಕೆಚಪ್‌ನಲ್ಲಿ ಹುಳಿ, ಸಕ್ಕರೆ ಎರಡೂ ಜಾಸ್ತಿ, ಅದು ಹೊರಗಿದ್ದರೂ ಸುಲಭವಾಗಿ ಕೆಡುವುದಿಲ್ಲ. ಗಾಡಿಯಲ್ಲೇ ಹಸಿ ಮೊಟ್ಟೆ ಒಡೆದು ಮಾಡಿದ ಮೇಯನೇಸ್, ಹಾಲು ಅಥವಾ ಮೊಸರು ಬೆರೆಸಿದ ಸಾಸ್, ಹಸಿ ಸೊಪ್ಪು ರುಬ್ಬಿದ ಸಾಸ್ ಬೇರೆ ಲೆಕ್ಕ. ಇವು ಫ್ರಿಜ್‌ನಿಂದ ಬರಬೇಕು. ಬಿಸಿಲಿನಲ್ಲಿ ಕೌಂಟರ್ ಮೇಲೆ ನಿಂತಿದ್ದರೆ ಬೇಡ. ಐಸ್ ವಿಷಯವೂ ಹೀಗೇ. ಗಟ್ಟಿಯಾದ ಮಾತ್ರಕ್ಕೆ ನೀರಿನಲ್ಲಿದ್ದ ರೋಗಾಣು ಸಾಯುವುದಿಲ್ಲ. ಎಲ್ಲಿಯ ನೀರು, ಕೈಯಲ್ಲೇ ಬಾಚಿ ಹಾಕುತ್ತಾರಾ ಅಂತ ನೋಡಿ. ಅನುಮಾನ ಇದ್ದರೆ ಸೀಲ್ ಇರುವ ಬಾಟಲಿ ತಗೊಳ್ಳಿ.

ಇನ್ನು ನಿಮ್ಮ ಗ್ಲೌಸ್ ಪ್ರಶ್ನೆ. ಆರ್ಡರ್ ಕೊಟ್ಟ ಮೇಲೆ ಸುಮ್ನೆ ಫೋನ್ ನೋಡುವ ಬದಲು ಅಡುಗೆಯವರ ಒಂದು ಕೈಯನ್ನೇ ಗಮನಿಸುತ್ತಾ ನಿಲ್ಲಿ. ಗ್ಲೌಸ್ ಹಾಕಿದ ಕೈ ಹಸಿ ಕೋಳಿಮಾಂಸ ಎತ್ತಿ ತವಾ ಮೇಲೆ ಇಡುತ್ತದೆ. ಅದೇ ಕೈ ಫ್ರಿಜ್ ಬಾಗಿಲು ತೆಗೆಯುತ್ತದೆ. ಭುಜದ ಮೇಲಿನ ಬಟ್ಟೆಗೆ ಒರೆಸಿಕೊಳ್ಳುತ್ತದೆ. ನೋಟು ತಗೊಂಡು ಚಿಲ್ಲರೆ ಕೊಡುತ್ತದೆ. ಆಮೇಲೆ ನಿಮ್ಮ ಬ್ರೆಡ್ ಬಿಡಿಸಿ ಸೊಪ್ಪು ಇಡುತ್ತದೆ. ಗ್ಲೌಸ್ ಹಾಕಿದವರಿಗೆ ಕೈ ಅಂಟಂಟಾಗಿದೆ ಅಂತ ಗೊತ್ತೇ ಆಗುವುದಿಲ್ಲ, ಹಾಗಾಗಿ ತೊಳೆಯುವುದೂ ಇಲ್ಲ. ಬರಿಗೈಯಲ್ಲಿದ್ದು, ಹಸಿ ಮಾಂಸ ಮುಟ್ಟಿದ ತಕ್ಷಣ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯುವ ಅಡುಗೆಯವರ ಮೇಲೆ ನನಗೆ ಹೆಚ್ಚು ನಂಬಿಕೆ. ಗ್ಲೌಸ್ ಬದಲಾಯಿಸುತ್ತಾ ಇದ್ದರೆ, ದುಡ್ಡು ತಗೊಳ್ಳುವವರು ಬೇರೆಯೇ ಇದ್ದರೆ, ಹಸಿ ಮಾಂಸಕ್ಕೆ ಒಂದು ಚಿಮಟ, ಬೆಂದದ್ದಕ್ಕೆ ಇನ್ನೊಂದು ಇದ್ದರೆ ಅದು ತಿಳಿದವರ ಗಾಡಿ. ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ನೊರೊವೈರಸ್ ಮೇಲೆ ಆಲ್ಕೋಹಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು.

ಕೈ ತೊಳೆಯಲು ನೀರು ಬೇಕು, ಟ್ರೇಲರ್‌ನಲ್ಲಿ ಅದೇ ಕಷ್ಟ. ಒಮ್ಮೆ ಸರಿಯಾಗಿ ತೊಳೆಯಲು ಅರ್ಧದಿಂದ ಒಂದು ಲೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಮೂವರು ಗಂಟೆಗೆ ನಾಲ್ಕು ಸಲ ತೊಳೆದರೆ 6 ಗಂಟೆಗೆ 36ರಿಂದ 72 ಲೀಟರ್ ಬರೀ ಕೈಗೇ ಬೇಕು. ಪಾತ್ರೆಯ ಲೆಕ್ಕ ಬೇರೆ. ಗಾಡಿಯಲ್ಲಿ 20 ಲೀಟರಿನ ಒಂದೇ ಕ್ಯಾನ್ ಇದ್ದರೆ, ಅಲ್ಲಿ ಕೈ ತೊಳೆಯುತ್ತಿಲ್ಲ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಕೈಗೇ ಬೇರೆ ಸಿಂಕ್, ಅದರ ಪಕ್ಕ ಸೋಪು, ಪೇಪರ್ ಟವೆಲ್ ಕಂಡರೆ ಒಳ್ಳೆಯದು. ಆ ಸಿಂಕ್‌ನೊಳಗೆ ಪಾತ್ರೆ, ತರಕಾರಿ ಚೀಲ ಪೇರಿಸಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಕೊಳೆ ನೀರಿನ ಟ್ಯಾಂಕ್ ಒಳ್ಳೆಯ ನೀರಿನ ಟ್ಯಾಂಕ್‌ಗಿಂತ ಶೇಕಡಾ 15ರಷ್ಟು ದೊಡ್ಡದಿರಬೇಕು ಅಂತಲೂ ಅಮೆರಿಕದ ಅದೇ ಮಾದರಿ ಆಹಾರ ಸಂಹಿತೆಯಲ್ಲಿದೆ, ಕೊಳೆ ನೀರು ತುಂಬಿ ಚೆಲ್ಲಬಾರದು ಅಂತ. ಗಾಡಿಯ ಕೆಳಗೆ ಕೊಚ್ಚೆ ನಿಂತಿದ್ದರೆ ಅಲ್ಲಿ ತಿನ್ನಬೇಡಿ.

ಜನ ಜಾಸ್ತಿ ಇರುವ ಕಡೆ ಹೋಗುವುದು ಅರ್ಧ ಸರಿ. ಜನ ಇದ್ದರೆ ಆಹಾರ ಬೇಗ ಬೇಗ ಖಾಲಿಯಾಗುತ್ತದೆ, ಕೂತು ಹಳತಾಗುವುದಿಲ್ಲ. ಈ ಲಾಭ ನಿಜವಾದದ್ದು. ಆದರೆ ನೂಕುನುಗ್ಗಲು ಜೋರಾದಾಗ ಮೊದಲು ಬಿಟ್ಟುಹೋಗುವುದು ಕೈ ತೊಳೆಯುವ ಕೆಲಸ. ಎರಡನೆಯದು ಬೇಯುವ ಹೊತ್ತು. ತವಾ ಮೇಲೆ ಒಮ್ಮೆಗೇ ತುಂಬ ಹಸಿ ಮಾಂಸ ಸುರಿದರೆ ತವಾದ ಬಿಸಿ ಇಳಿದುಬಿಡುತ್ತದೆ. ಹೊರಗೆ ಕಂದು ಬಣ್ಣ ಬಂದರೂ ಒಳಗೆ ಬೆಂದಿರುವುದಿಲ್ಲ. ನನ್ನನ್ನು ಕೇಳಿದರೆ ಜನ ಬರಲು ಶುರುವಾಗಿ, ಇನ್ನೂ ಸಾಲು ಬೆಳೆಯದ ಹೊತ್ತು ಅತ್ಯುತ್ತಮ. ಮುಚ್ಚುವ ಮುಂಚಿನ ಕೊನೆಯ ಅರ್ಧ ಗಂಟೆ ನಾನು ತಿನ್ನುವುದಿಲ್ಲ. ಆಗ ತಟ್ಟೆಗೆ ಬರುವುದು ದಿನವಿಡೀ ಉಳಿದದ್ದು.

ಟ್ರೇಲರ್ ಅಂದ ಮಾತ್ರಕ್ಕೆ ಹೋಟೆಲಿಗಿಂತ ಕೊಳಕು ಅಂತ ತಿಳಿಯಬೇಡಿ. 2014ರಲ್ಲಿ ಅಮೆರಿಕದ ಏಳು ದೊಡ್ಡ ನಗರಗಳ 2,60,000ಕ್ಕೂ ಹೆಚ್ಚು ತಪಾಸಣಾ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಫುಡ್ ಟ್ರಕ್ ಮತ್ತು ತಳ್ಳುಗಾಡಿಗಳು ಸ್ವಚ್ಛತೆಯಲ್ಲಿ ಹೋಟೆಲಿನಷ್ಟೇ ಅಥವಾ ಅದಕ್ಕಿಂತ ಮೇಲೇ ಇದ್ದವು. ಆ ಅಧ್ಯಯನ ಮಾಡಿದ್ದು ವ್ಯಾಪಾರಿಗಳ ಪರ ಕೋರ್ಟಿನಲ್ಲಿ ಹೋರಾಡುವ ಸಂಸ್ಥೆ, ಅದನ್ನೂ ತಿಳಿದುಕೊಂಡೇ ಓದಬೇಕು. ಆದರೂ ಅಂಕಿ ಅಂಶ ಸರ್ಕಾರಿ ತಪಾಸಕರದ್ದೇ. ನನಗೆ ಇದು ಆಶ್ಚರ್ಯ ಅನಿಸುವುದಿಲ್ಲ. ಟ್ರೇಲರ್‌ನಲ್ಲಿ ಅಡುಗೆ ನಿಮ್ಮ ಕಣ್ಣೆದುರೇ ನಡೆಯುತ್ತದೆ, ಮಾಡುವ ಬಗೆಗಳೂ ಕಡಿಮೆ. ಹೋಟೆಲಿನ ಅಡುಗೆಮನೆಯೊಳಗೆ ನಮ್ಮನ್ನು ಯಾರು ಬಿಡುತ್ತಾರೆ? ಬಿಸಿಲು, ಮಳೆ, ಹೊಗೆಯ ನಡುವೆ ಅಷ್ಟು ಚಿಕ್ಕ ಜಾಗದಲ್ಲಿ ನಿಂತು ಶುಚಿಯಾಗಿ ಅಡುಗೆ ಮಾಡುವವರ ಬಗ್ಗೆ ನನಗೆ ತುಂಬ ಗೌರವ ಇದೆ. ಅಂಥವರ ಗಾಡಿಗೇ ನಾವು ಹೋಗಬೇಕು.

ನಿಮ್ಮ ಮತ್ತು ಮಗನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಸಡಿಲ ಬಿಡುವುದಿಲ್ಲ. ಗರ್ಭಿಣಿಯರಿಗೆ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ದೊಡ್ಡ ಅಪಾಯ. ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸ್ವಲ್ಪ ಜ್ವರ, ಮೈಕೈ ನೋವು ಅಷ್ಟೇ ಬಂದು, ಮಗುವಿಗೆ ಜೀವಕ್ಕೇ ಕುತ್ತು ಬರಬಹುದು. ತಿಂದು ವಾರಗಳಾದ ಮೇಲೆ ಕಾಣಿಸಿಕೊಳ್ಳುವುದರಿಂದ ಯಾವ ಊಟದಿಂದ ಬಂತು ಅಂತ ಹಿಡಿಯುವುದೂ ಕಷ್ಟ. ಸಮಾಧಾನದ ಸಂಗತಿ ಏನೆಂದರೆ ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಹಾಗಾಗಿ ಹೆರಿಗೆಯವರೆಗೆ ನೀವು ಒಲೆಯಿಂದ ನೇರ ಬಂದ, ಹಬೆಯಾಡುವ ಆಹಾರವನ್ನಷ್ಟೇ ತಿನ್ನಿ. ತಣ್ಣನೆಯ ಮಾಂಸದ ಹೋಳು, ಪಾಶ್ಚರೀಕರಿಸದ (ಕಾಯಿಸಿ ರೋಗಾಣು ಕೊಲ್ಲದ) ಹಾಲಿನ ಮೆತ್ತನೆಯ ಚೀಸ್, ಹೊಗೆ ಹಾಕಿದ ತಣ್ಣನೆಯ ಮೀನು, ಹಸಿ ಮೊಳಕೆ ಕಾಳು, ಹೆಚ್ಚಿಟ್ಟ ಹಣ್ಣು, ಹಸಿ ಮೊಟ್ಟೆಯ ಸಾಸ್ ಇವೆಲ್ಲ ಬೇಡ. ಅರೆಬೆಂದ ಮಾಂಸವೂ ಬೇಡ, ಅದರಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿಯ ಸೋಂಕು ಬರಬಹುದು.

ಮಗನಿಗೆ ಕೊಚ್ಚಿದ ಮಾಂಸದ ಪ್ಯಾಟಿ, ಅಂದರೆ ಬರ್ಗರ್‌ನೊಳಗೆ ಇಡುವ ಬಿಲ್ಲೆ, ಕೊಡುವಾಗ ಎಚ್ಚರ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಭಾಗದಲ್ಲಿ ಇರುತ್ತದೆ, ತವಾ ತಾಗಿದರೆ ಸಾಯುತ್ತದೆ. ಕೊಚ್ಚಿದಾಗ ಮೇಲಿನದು ಒಳಗೆಲ್ಲ ಬೆರೆತುಹೋಗುತ್ತದೆ. ಇ. ಕೋಲಿ ಒ157 ಅನ್ನುವ ತಳಿ ಹೀಗೆ ಹೊಟ್ಟೆ ಸೇರಿದರೆ ಚಿಕ್ಕ ಮಕ್ಕಳಲ್ಲಿ ಮೂತ್ರಪಿಂಡವೇ ಕೆಲಸ ನಿಲ್ಲಿಸಬಹುದು. ಆಹಾರದ ನಡುಭಾಗ ಕನಿಷ್ಠ 70 ಡಿಗ್ರಿ ಬಿಸಿ ಮುಟ್ಟಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀವು ಥರ್ಮಾಮೀಟರ್ ಹಿಡಿದು ಹೋಗಲಾರಿರಿ. ಪ್ಯಾಟಿಯನ್ನು ನಡುವೆ ಮುರಿದು ನೋಡಿ. ತಣ್ಣಗಿದ್ದರೆ, ಗುಲಾಬಿ ಬಣ್ಣ ಇದ್ದರೆ, ರಸ ಕೆಂಪಗೆ ಬಂದರೆ ವಾಪಸ್ ಕೊಟ್ಟು ಇನ್ನಷ್ಟು ಬೇಯಿಸಲು ಹೇಳಿ. ಬಣ್ಣ ಒಂದನ್ನೇ ನಂಬುವ ಹಾಗೂ ಇಲ್ಲ, ಕೆಲವೊಮ್ಮೆ ಬೇಯುವ ಮುಂಚೆಯೇ ಕಂದಾಗುತ್ತದೆ. ಹಾಗಾಗಿ ಈ ವಯಸ್ಸಿನ ಮಗುವಿಗೆ ಗಾಡಿಯ ಪ್ಯಾಟಿಗಿಂತ ಪೂರ್ತಿ ಗಟ್ಟಿಯಾಗಿ ಬೆಂದ ಮೊಟ್ಟೆ ಅಥವಾ ಆಗಷ್ಟೇ ಎಣ್ಣೆಯಿಂದ ತೆಗೆದ ಬಿಸಿ ಆಲೂಗೆಡ್ಡೆ ವಾಸಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜಿನಂತೆ ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 4,20,000 ಜನ ಸಾಯುತ್ತಾರೆ. ಅವರಲ್ಲಿ 1,25,000 ಐದು ವರ್ಷದೊಳಗಿನ ಮಕ್ಕಳು.

ಪಾರ್ಸೆಲ್ ತಗೊಂಡು ಕಾರಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಹೊರಗೆ 2 ಗಂಟೆ, ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ, ಅದಕ್ಕಿಂತ ಹೆಚ್ಚು ಹೊತ್ತು ಇಟ್ಟದ್ದನ್ನು ತಿನ್ನಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ 32 ಡಿಗ್ರಿ ದಾಟಲು ಬಹಳ ಹೊತ್ತೇನೂ ಬೇಕಿಲ್ಲ. ಯಾರಿಗಾದರೂ ಕಡಲೆಕಾಯಿ, ಎಳ್ಳು, ಸಿಗಡಿಯ ಅಲರ್ಜಿ ಇದ್ದರೆ ಮುಂಚೆಯೇ ಹೇಳಿ. ಚಿಕ್ಕ ಗಾಡಿಯಲ್ಲಿ ಎಲ್ಲಕ್ಕೂ ಅದೇ ಎಣ್ಣೆ, ಅದೇ ತವಾ.

ಕೂರುವ ಜಾಗವನ್ನೂ ನೋಡಿ. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಹೊಗೆ ಬರುವ ಕಡೆ, ಅದರಲ್ಲೂ ಗಾಡಿಗೆ ತಾಗಿಸಿ ಕಟ್ಟಿದ ಮುಚ್ಚಿದ ಟೆಂಟಿನೊಳಗೆ ಕೂರಬೇಡಿ. ಗ್ಯಾಸ್ ವಾಸನೆ ಬಂದರೆ ಒಳಗಿದ್ದವರಿಗೆ ಹೇಳಿ, ದೂರ ಹೋಗಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಮಗ ರಸ್ತೆಯ ಕಡೆ ಇರದ ಹಾಗೆ ನೀವು ನಡುವೆ ನಿಲ್ಲಿ.

ಇಷ್ಟೆಲ್ಲ ನೋಡಿದ ಮೇಲೂ ಹೊಟ್ಟೆ ಕೆಟ್ಟರೆ ಮೊದಲು ನೀರಿನ ಅಂಶ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ಓಆರ್‌ಎಸ್ ಪುಡಿ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ತೀರಾ ಕಡಿಮೆ ಆಗುವುದು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ರಕ್ತ ಇದ್ದಾಗ ಭೇದಿ ನಿಲ್ಲಿಸುವ ಮಾತ್ರೆ ನೀವಾಗಿಯೇ ಕೊಡಬೇಡಿ. ನಿಮಗಂತೂ ಗರ್ಭಿಣಿ ಆಗಿರುವಾಗ ಬರೀ ಜ್ವರ ಬಂದರೂ ತೋರಿಸಿ, ಇತ್ತೀಚೆಗೆ ಹೊರಗೆ ಏನು ತಿಂದಿದ್ದೀರಿ ಅಂತ ತಪ್ಪದೆ ಹೇಳಿ.

ಆಮೇಲೆ ಸ್ಥಳೀಯ ಆರೋಗ್ಯ ಅಥವಾ ಆಹಾರ ಸುರಕ್ಷತಾ ಕಚೇರಿಗೆ ತಿಳಿಸಿ. ಒಬ್ಬರ ದೂರಿನಿಂದ ಏನಾಗುತ್ತದೆ ಅನಿಸಬಹುದು. ಅದೇ ಸಂಜೆ ಅಲ್ಲೇ ತಿಂದ ಇನ್ನಿಬ್ಬರೂ ಫೋನ್ ಮಾಡಿದ್ದರೆ ಮೂರೂ ದೂರು ಸೇರಿ ಕಾರಣ ಸಿಗುತ್ತದೆ. ಗಾಡಿ ಎಲ್ಲಿ ನಿಂತಿತ್ತು, ಎಷ್ಟು ಗಂಟೆಗೆ ತಿಂದಿರಿ, ಮನೆಯ ಒಬ್ಬೊಬ್ಬರೂ ಏನೇನು ತಿಂದರು, ಯಾರಿಗೆ ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದುಕೊಂಡು ಫೋನ್ ಮಾಡಿ. ಪಾರ್ಸೆಲ್‌ನಲ್ಲಿ ಏನಾದರೂ ಉಳಿದಿದ್ದರೆ ಎಸೆಯಬೇಡಿ. ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ, ಮೇಲೆ ದಿನಾಂಕ ಬರೆದು, ‘ತಿನ್ನಬಾರದು’ ಅಂತ ಚೀಟಿ ಅಂಟಿಸಿ ಫ್ರಿಜ್‌ನಲ್ಲಿ ಬೇರೆಯಾಗಿ ಇಡಿ. ಅವರು ಕೇಳಿದರೆ ಪರೀಕ್ಷೆಗೆ ಅದನ್ನು ಕೊಡಬಹುದು.